ಖಬೀಬ್‌ಗೇ ಮೊದಲ ಸ್ಥಾನ, ಆದರೆ ಸೋಲದೇ ಇದ್ದದ್ದಕ್ಕಲ್ಲ

ಮಾನ್ಯ ಸಂಪಾದಕರೇ,

ಶಿರಸಿಯ ಓದುಗರೊಬ್ಬರು ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲಾ ಸೇರಿದ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್) ಬಗ್ಗೆ ಬರೆದ ಪತ್ರವನ್ನು ಕಳೆದ ವಾರ ಇದೇ ಅಂಕಣದಲ್ಲಿ ಓದಿದೆ. ಕ್ರಿಕೆಟ್ ಬಿಟ್ಟು ಬೇರೆ ಆಟದ ಬಗ್ಗೆ ಓದುಗರು ಬರೆಯುವುದೇ ಅಪರೂಪ. ಅದರಲ್ಲೂ ನೆಲಕ್ಕೆ ಬಿದ್ದ ಮೇಲಿನ ಹಿಡಿತ, ಪಟ್ಟುಗಳ ಬಗ್ಗೆ ಬರೆದಿದ್ದಾರೆ. ತುಂಬಾ ಖುಷಿಯಾಯಿತು. ಆದರೆ ಅವರ ಎರಡು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ರಷ್ಯಾದ ಖಬೀಬ್ ನುರ್ಮಗೊಮೆದೋವ್ 29 ಪಂದ್ಯ ಆಡಿ 29ನ್ನೂ ಗೆದ್ದಿದ್ದಾನೆ, ಹಾಗಾಗಿ ಅವನೇ ದೊಡ್ಡ ಗ್ರ್ಯಾಪ್ಲರ್ (ಹಿಡಿತ, ಪಟ್ಟುಗಳ ಆಟಗಾರ), ಅಲ್ಲಿಗೆ ಚರ್ಚೆ ಮುಗಿಯಿತು ಅನ್ನುವುದು ಒಂದು. ಬ್ರೆಜಿಲಿನ ಜಿಯು ಜಿಟ್ಸು (ನೆಲದ ಮೇಲೆ ಕೈ, ಕುತ್ತಿಗೆ ಹಿಡಿದು ಸೋಲೊಪ್ಪಿಸುವ ವಿದ್ಯೆ) ಮನೆತನದ ರಾಯ್ಸ್ ಗ್ರೇಸಿ ಗೆದ್ದದ್ದು ಎದುರಿಗಿದ್ದವರಿಗೆ ಏನೂ ಗೊತ್ತಿರಲಿಲ್ಲ ಅಂತ, ಅವನನ್ನು ಲೆಕ್ಕಕ್ಕೇ ಹಿಡಿಯಬಾರದು ಅನ್ನುವುದು ಇನ್ನೊಂದು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಐವರ ಪಟ್ಟಿಯಲ್ಲೂ ಖಬೀಬನೇ ಮೊದಲು. ಕಾರಣ ಮಾತ್ರ ಬೇರೆ. ಸೋಲದೇ ಇರುವುದನ್ನೇ ಅಳತೆ ಮಾಡಿಕೊಂಡರೆ ಯಾರ ಜೊತೆ ಆಡಿದ, ಹೇಗೆ ಆಡಿದ ಅನ್ನುವುದಕ್ಕೆ ಬೆಲೆಯೇ ಉಳಿಯುವುದಿಲ್ಲ. ರಾಯ್ಸ್‌ನ ಅಣ್ಣ ರಿಕ್ಸನ್ ಗ್ರೇಸಿ ಕೂಡ ದಾಖಲೆಯಲ್ಲಿರುವ ಎಂಎಂಎ ಪಂದ್ಯಗಳಲ್ಲಿ ಸೋತವನಲ್ಲ. 1997ರಲ್ಲಿ ಟೋಕಿಯೋ ಡೋಮ್‌ನಲ್ಲಿ ಪ್ರೈಡ್ ಅನ್ನುವ ಜಪಾನಿನ ಎಂಎಂಎ ಕೂಟ ಶುರುವಾದಾಗ ನೊಬುಹಿಕೋ ತಕಾಡನ ಕೈ ಹಿಡಿದು ಆರ್ಮ್‌ಬಾರ್‌ನಲ್ಲಿ (ಮೊಣಕೈಯನ್ನು ಹಿಂದಕ್ಕೆ ಬಾಗಿಸುವ ಪಟ್ಟು) ಸೋಲಿಸಿದ, ಮರುವರ್ಷ ಅದನ್ನೇ ಮತ್ತೆ ಮಾಡಿದ. ಆದರೆ ತಕಾಡ ಜಪಾನಿನ ಪ್ರೊ ರೆಸ್ಲಿಂಗ್ ತಾರೆ, ಮೊದಲೇ ಫಲಿತಾಂಶ ಗೊತ್ತಿರುವ ಪಂದ್ಯಗಳಲ್ಲಿ ಹೆಸರು ಮಾಡಿದವನು. ಆ ಗೆಲುವನ್ನೂ ಖಬೀಬ್‌ಗೆ ಗೇಚಿ, ಪೊರಿಯೇ ಥರದ ಎಂಎಂಎ ಆಟಗಾರರ ಮೇಲೆ ಸಿಕ್ಕ ಗೆಲುವನ್ನೂ ಒಂದೇ ತಕ್ಕಡಿಗೆ ಹಾಕಲು ಆಗುತ್ತದಾ?

ನಾನು ನೋಡುವುದು ಒಂದನ್ನೇ. ಏನು ಬರುತ್ತದೆ ಅಂತ ಎದುರಾಳಿಗೆ ಮೊದಲೇ ಗೊತ್ತಿರಬೇಕು. ಅದಕ್ಕೇ ಅಂತ ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಬಂದಿರಬೇಕು. ಗುದ್ದು, ಒದೆ ಎಲ್ಲಾ ಬೀಳುತ್ತಿರಬೇಕು. ಇಷ್ಟಾದರೂ ಅವನು ಅದೇ ಹಿಡಿತಕ್ಕೆ ಸಿಕ್ಕಿಬೀಳಬೇಕು. ಹಾಗೆ ಮಾಡಿದವನು ದೊಡ್ಡ ಗ್ರ್ಯಾಪ್ಲರ್. ಮೆಡಲ್ ಎಷ್ಟು, ಬೆಲ್ಟಿನ ಬಣ್ಣ ಯಾವುದು, ಸಬ್ಮಿಷನ್ (ಪಟ್ಟು ಹಾಕಿ ಸೋಲೊಪ್ಪಿಸಿದ ಗೆಲುವು) ಎಷ್ಟು ಅನ್ನುವುದೆಲ್ಲ ಆಮೇಲೆ.

ನಮ್ಮ ಜಿಲ್ಲೆಯವರು ಈ ವಿಷಯ ಮಾತಾಡುವಾಗ ಒಂದು ತೊಡಕಿದೆ, ಅದನ್ನೂ ಹೇಳಬೇಕು. ಕಾರವಾರ, ಅಂಕೋಲಾ, ಕುಮಟಾ ಕಡೆ ಕುಸ್ತಿ ಅಷ್ಟಾಗಿ ಇಲ್ಲ. ಘಟ್ಟ ಹತ್ತಿ ಹಳಿಯಾಳಕ್ಕೆ ಹೋದರೆ ಬೇರೆಯೇ ಲೋಕ. ಅಲ್ಲಿ ಕ್ರೀಡಾ ಇಲಾಖೆಯ ಕುಸ್ತಿ ಹಾಸ್ಟೆಲ್ ಇದೆ, ಹುಡುಗಿಯರೂ ಮ್ಯಾಟ್ ಮೇಲೆ ಇಳಿಯುತ್ತಾರೆ, ಸಿದ್ದಿ ಸಮುದಾಯದ ಮಕ್ಕಳೂ ಆಡಿ ಹೆಸರು ಮಾಡಿದ್ದಾರೆ. ನಿಕಾಲಿ ಕುಸ್ತಿ (ಚಿತ್ ಆಗುವವರೆಗೂ ಆಡುವ ಕುಸ್ತಿ) ಇದ್ದ ದಿನ ಹಲಗಿ ಬಡಿಯುತ್ತಿರುತ್ತದೆ, ಕೆಮ್ಮಣ್ಣಿನ ಅಖಾಡದ ಸುತ್ತ ನಿಲ್ಲಲು ಜಾಗ ಇರುವುದಿಲ್ಲ, ಪೈಲ್ವಾನರು ಒಂದು ಹಿಡಿ ಮಣ್ಣು ತೆಗೆದು ಎದುರಾಳಿಯ ಬೆನ್ನಿಗೆ, ಭುಜಕ್ಕೆ ಸವರಿ ಕೈ ಹಾಕುತ್ತಾರೆ. ಅಲ್ಲಿ ನಿಯಮ ಒಂದೇ. ಎರಡೂ ಭುಜ ಮಣ್ಣಿಗೆ ತಾಗಿತೋ, ಚಿತ್. ಮುಗಿಯಿತು. ಈ ನಿಯಮ ನೋಡಿ ಬೆಳೆದ ಕಣ್ಣಿಗೆ ಕೆಳಗೆ ಬಿದ್ದವನು ಸೋತವನೇ. ಹಾಗಾಗಿ ಎಂಎಂಎ ನೋಡುವಾಗ ನಮ್ಮವರು ಮೇಲಿದ್ದವನನ್ನು ಮಾತ್ರ ನೋಡುತ್ತಾರೆ.

ಹಳಿಯಾಳದ ಹಿರಿಯ ಪೈಲ್ವಾನರೊಬ್ಬರಿಗೆ ನಾನು ಮೊಬೈಲ್‌ನಲ್ಲಿ 1994ರ ಡಿಸೆಂಬರಿನ ಪಂದ್ಯ ತೋರಿಸಿದ್ದೆ. ರಾಯ್ಸ್ ಗ್ರೇಸಿ ಮತ್ತು ಡ್ಯಾನ್ ಸೆವರ್ನ್, ಯುಎಫ್‌ಸಿ ಅನ್ನುವ ಅಮೆರಿಕದ ಎಂಎಂಎ ಕೂಟದ ನಾಲ್ಕನೇ ಸಲದ ಫೈನಲ್. ಸೆವರ್ನ್ ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಪಳಗಿದ ಆಳು, ತೂಕ 110 ಕಿಲೋಗಿಂತ ಜಾಸ್ತಿ. ರಾಯ್ಸ್ ಸುಮಾರು 80 ಕಿಲೋ. ಶುರುವಾಗಿ ಸ್ವಲ್ಪ ಹೊತ್ತಿಗೆ ಸೆವರ್ನ್ ಇವನನ್ನು ಕೆಡವಿ ಮೇಲೆ ಕೂತ. 'ಬಿದ್ನಲ್ಲೋ ತಮ್ಮಾ, ಚಿತ್ ಆತು' ಅಂದರು ಅವರು. 'ನೋಡಿ ಕಾಕಾ, ಇನ್ನೂ ಇದೆ' ಅಂದೆ ನಾನು. ಹತ್ತು ನಿಮಿಷ ಆಯಿತು, ಹದಿನೈದಾಯಿತು, ರಾಯ್ಸ್ ಕೆಳಗೇ ಇದ್ದಾನೆ. ಆಮೇಲೆ ಅವನ ಒಂದು ಕಾಲು ನಿಧಾನಕ್ಕೆ ಸೆವರ್ನ್‌ನ ಕುತ್ತಿಗೆ ಹತ್ತಿರ ಏರಿತು, ಇನ್ನೊಂದು ಕಾಲು ಅದರ ಮೇಲೆ ಕೂತು ಬೀಗ ಹಾಕಿತು. ಕುತ್ತಿಗೆಯ ಜೊತೆ ಸೆವರ್ನ್‌ನ ಒಂದು ಕೈಯೂ ಒಳಗೆ ಸಿಕ್ಕಿತ್ತು. ಅವನ ಭುಜವೇ ಅವನ ಕುತ್ತಿಗೆ ಒತ್ತುತ್ತಿತ್ತು. ಸ್ವಲ್ಪ ಹೊತ್ತಿಗೆ ಅಷ್ಟು ದೊಡ್ಡ ಆಳು ನೆಲ ತಟ್ಟಿದ, ಅಂದರೆ ಸೋಲೊಪ್ಪಿದ. ಕಾಕಾ ಆ ಭಾಗವನ್ನು ಹಿಂದೆ ಎಳೆಸಿ ಎಳೆಸಿ ನೋಡಿದರು. ಕಾಲು ಏರುವುದಕ್ಕಿಂತ ಮೊದಲು ಸೊಂಟ ಎಷ್ಟು ಪಕ್ಕಕ್ಕೆ ಸರಿಯಿತು ಅನ್ನುವುದನ್ನು ನನಗೆ ತೋರಿಸಿದ್ದು ಅವರೇ. ಅಲ್ಲಿಯವರೆಗೆ ನಾನೂ ಕಾಲನ್ನೇ ನೋಡುತ್ತಿದ್ದೆ.

ಆ ಪಂದ್ಯ ಸುಮಾರು 16 ನಿಮಿಷ ನಡೆಯಿತು. ಅಮೆರಿಕದಲ್ಲಿ ದುಡ್ಡು ಕೊಟ್ಟು ನೇರ ಪ್ರಸಾರ ನೋಡುತ್ತಿದ್ದ ಎಷ್ಟೋ ಮನೆಗಳಲ್ಲಿ ಪ್ರಸಾರದ ಸಮಯ ಮುಗಿದು ಕೊನೆ ಕಾಣಲೇ ಇಲ್ಲ. ಮುಂದಿನ ಕೂಟದಿಂದ ಪಂದ್ಯಕ್ಕೆ ಸಮಯದ ಮಿತಿ ಬಂತು. ಒಬ್ಬ ಗ್ರ್ಯಾಪ್ಲರ್‌ನ ತಾಳ್ಮೆಯಿಂದ ಆಟದ ನಿಯಮವೇ ಬದಲಾಯಿತು ಅಂದರೆ ಸುಮ್ನೆ ಮಾತಲ್ಲ.

ಈಗ ಶಿರಸಿಯ ಓದುಗರ ಮಾತಿಗೆ ಬರುತ್ತೇನೆ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆದಾಗ ತೂಕದ ವರ್ಗ ಇರಲಿಲ್ಲ. ರಾಯ್ಸ್ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಎದುರಿಗೆ ಬಂದ ಬಾಕ್ಸರ್ ಆರ್ಟ್ ಜಿಮ್ಮರ್ಸನ್ ಒಂದು ಕೈಗೆ ಮಾತ್ರ ಗ್ಲೋವ್ ಹಾಕಿಕೊಂಡು ಬಂದಿದ್ದ. ಅವರಿಗೆ ಗೊತ್ತಿರಲಿಲ್ಲ ಅನ್ನುವುದು ನಿಜ. ಆದರೆ ಸೆಮಿಫೈನಲ್‌ನಲ್ಲಿ ಸೋತ ಕೆನ್ ಶಾಮ್ರಾಕ್ ಜಪಾನಿನಲ್ಲಿ ಹಿಡಿತದ ಆಟವನ್ನೇ ಆಡಿಕೊಂಡು ಬಂದವನು. ಸೆವರ್ನ್ ಕೂಡ ನೆಲದ ಆಟ ಗೊತ್ತಿಲ್ಲದವನಲ್ಲ. ಹಾಗಾಗಿ ರಾಯ್ಸ್‌ನನ್ನು ಲೆಕ್ಕಕ್ಕೇ ಹಿಡಿಯಬಾರದು ಅನ್ನುವುದು ಅನ್ಯಾಯ.

ಹಾಗಂತ ಅವನನ್ನು ಮೊದಲ ಐವರಲ್ಲಿ ಇಡಲು ನನಗೂ ಆಗುವುದಿಲ್ಲ. ಎದುರಾಳಿಗೆ ಗೊತ್ತಾದ ಮೇಲೆ ಏನಾಯಿತು ನೋಡಿ. 1995ರಲ್ಲಿ ಅದೇ ಶಾಮ್ರಾಕ್ ತಯಾರಾಗಿ ಬಂದ. 36 ನಿಮಿಷ ಆಡಿದರೂ ಯಾರೂ ಗೆಲ್ಲಲಿಲ್ಲ, ಡ್ರಾ ಆಯಿತು. 2006ರಲ್ಲಿ ಮ್ಯಾಟ್ ಹ್ಯೂಸ್ ಎದುರು ಮೊದಲ ಸುತ್ತಿನಲ್ಲೇ ಸೋತ. ಹ್ಯೂಸ್ ಮೊದಲು ಇವನ ಕೈಯನ್ನು ಎಳೆದು ನೆಟ್ಟಗೆ ಮಾಡಿದ, ರಾಯ್ಸ್ ಸೋಲೊಪ್ಪಲಿಲ್ಲ, ಆಮೇಲೆ ಹೊಟ್ಟೆಯ ಮೇಲೆ ಮಲಗಿಸಿ ಹಿಂದಿನಿಂದ ಗುದ್ದಿ ಮುಗಿಸಿದ. ರಾಯ್ಸ್‌ಗೆ ಆಗ ವಯಸ್ಸೂ ಆಗಿತ್ತು, ಒಪ್ಪುತ್ತೇನೆ. ಆದರೂ ಅವನ ಕುಟುಂಬದ ವಿದ್ಯೆಯನ್ನು ಜಗತ್ತೆಲ್ಲ ಕಲಿತ ಮೇಲೆ ಅದೇ ವಿದ್ಯೆಯಲ್ಲಿ ಅವನಿಗಿಂತ ಮುಂದೆ ಹೋದವರು ಬಂದರು.

ಅವರಲ್ಲಿ ನನಗೆ ಎಲ್ಲರಿಗಿಂತ ಇಷ್ಟದವನು ಬ್ರೆಜಿಲಿನ ಆಂಟೋನಿಯೋ ರೊಡ್ರಿಗೋ ನೊಗೈರಾ. ನನ್ನ ಪಟ್ಟಿಯಲ್ಲಿ ಎರಡನೆಯವನು. ಚಿಕ್ಕವನಿದ್ದಾಗ ಟ್ರಕ್ ಕೆಳಗೆ ಸಿಕ್ಕಿ ಕೋಮಾಕ್ಕೆ ಹೋಗಿ ಬದುಕಿ ಬಂದವನು. ಬೆನ್ನಿನಲ್ಲಿ ಈಗಲೂ ಆ ಗಾಯದ ಗುಳಿ ಕಾಣುತ್ತದೆ. 2001ರಲ್ಲಿ ಪ್ರೈಡ್‌ನ ಮೊದಲ ಹೆವಿವೇಟ್ ಚಾಂಪಿಯನ್ ಆದ. 2002ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ಬಾಬ್ ಸ್ಯಾಪ್ ಎದುರು ಆಡಿದ ಪಂದ್ಯ ಇವತ್ತಿಗೂ ನೋಡಬಹುದು. ಸ್ಯಾಪ್ ತೂಕ 160 ಕಿಲೋ ಮೇಲೆ, ನೊಗೈರಾಗಿಂತ 50 ಕಿಲೋಗೂ ಜಾಸ್ತಿ. ಕಾಲು ಹಿಡಿಯಲು ಬಂದ ನೊಗೈರಾನನ್ನು ತಲೆಕೆಳಗಾಗಿ ಎತ್ತಿ ನೆಲಕ್ಕೆ ಕುಕ್ಕಿದ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇವನು ಒಂದು ಇಡೀ ಸುತ್ತು ಹೊಡೆತ ತಿಂದ, ತಿನ್ನುತ್ತಲೇ ಕೈ ಹುಡುಕಿದ, ಕಾಲು ಹುಡುಕಿದ, ಎರಡನೇ ಸುತ್ತಿನಲ್ಲಿ ಸ್ಯಾಪ್ ಸುಸ್ತಾದಾಗ ಆರ್ಮ್‌ಬಾರ್ ಹಾಕಿದ. ಮರುವರ್ಷ ಒದೆಗೆ ಹೆಸರಾದ ಮಿರ್ಕೊ ಕ್ರೋಕಾಪ್ ಎದುರೂ ಅದೇ ಕಥೆ. ಮೊದಲ ಸುತ್ತಿನಲ್ಲಿ ನೋಡಲಾಗದಷ್ಟು ಪೆಟ್ಟು, ಎರಡನೇ ಸುತ್ತಿನಲ್ಲಿ ಒಂದು ಟೇಕ್‌ಡೌನ್ (ನೆಲಕ್ಕೆ ಕೆಡವುವುದು), ಒಂದು ಆರ್ಮ್‌ಬಾರ್. ನೊಗೈರಾ ಕೈಗೇ ಬರುತ್ತಾನೆ ಅಂತ ಕ್ರೋಕಾಪ್‌ಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು.

ಅವನನ್ನು ಮೊದಲ ಸ್ಥಾನಕ್ಕೆ ಯಾಕೆ ಏರಿಸಲಿಲ್ಲ ಅಂದರೆ ಕಾರಣ ರಷ್ಯಾದ ಫೆಡೋರ್ ಎಮೆಲಿಯನೆಂಕೊ. ಫೆಡೋರ್ ಇವನ ಎರಡು ಕಾಲುಗಳ ನಡುವೆ, ಅಂದರೆ ಎಲ್ಲರೂ ಹೆದರುವ ಆ ಗಾರ್ಡ್ ಒಳಗೇ ಕೂತು ಗುದ್ದಿ ಗೆದ್ದ. ಅದು 2003ರಲ್ಲಿ. 2004ರ ಕೊನೆಗೆ ಇನ್ನೊಮ್ಮೆ ಗೆದ್ದ, ಆಗ ಹೆಚ್ಚಾಗಿ ನಿಂತೇ ಗುದ್ದಿ. ಆ ಫೆಡೋರ್‌ನನ್ನು 2010ರಲ್ಲಿ ಫಬ್ರಿಸಿಯೋ ವೆರ್ಡುಮ್ ಕೆಳಗಿನಿಂದಲೇ ಕಾಲಲ್ಲಿ ಸಿಕ್ಕಿಸಿ 69 ಸೆಕೆಂಡಿನಲ್ಲಿ ಮುಗಿಸಿದ್ದು ಬೇರೆ ಮಾತು. ಒಂದು ರಾತ್ರಿಯ ಗೆಲುವು ದೊಡ್ಡದೇ, ಆದರೆ ಪಟ್ಟಿಗೆ ಬರಲು ಅದೊಂದೇ ಸಾಲದು.

ಮೂರನೆಯವನು ಕಜುಶಿ ಸಕುರಾಬಾ. ಈಗಿನ ಹುಡುಗರಿಗೆ ಇವನ ಹೆಸರೇ ಗೊತ್ತಿಲ್ಲ, ಅದು ನನಗೆ ಬೇಜಾರು. ಇವನು ಜಿಯು ಜಿಟ್ಸು ಕಲಿತವನಲ್ಲ. ಕಾಲೇಜಿನಲ್ಲಿ ಕುಸ್ತಿ, ಆಮೇಲೆ ಪ್ರೊ ರೆಸ್ಲಿಂಗ್, ಅಲ್ಲಿ ಇಂಗ್ಲೆಂಡಿನ ಬಿಲ್ಲಿ ರಾಬಿನ್ಸನ್ ಹತ್ತಿರ ಕೈ ಕಾಲು ತಿರುಚುವ ಪಟ್ಟುಗಳೂ ಇರುವ ಕ್ಯಾಚ್ ಕುಸ್ತಿ ಕಲಿತ. 1999ರಿಂದ 2000ದ ಒಳಗೆ ಗ್ರೇಸಿ ಕುಟುಂಬದ ನಾಲ್ವರನ್ನು ಸೋಲಿಸಿದ. ರಾಯ್ಲರ್, ರಾಯ್ಸ್, ರೆಂಜೊ, ರಯಾನ್. 2000ದ ಮೇ 1ರಂದು ಟೋಕಿಯೋ ಡೋಮ್‌ನಲ್ಲಿ ರಾಯ್ಸ್ ಎದುರು 15 ನಿಮಿಷದ ಆರು ಸುತ್ತು ನಡೆದವು. ಒಟ್ಟು 90 ನಿಮಿಷ. ಎಷ್ಟು ಸುತ್ತು ಅನ್ನುವುದಕ್ಕೆ ಮಿತಿ ಬೇಡ ಅಂತ ಕೇಳಿದ್ದೇ ಗ್ರೇಸಿ ಕಡೆಯವರು. ಕೊನೆಗೆ ಸೋಲೊಪ್ಪಿ ಟವೆಲ್ ಎಸೆದದ್ದೂ ಅವರೇ. ಅದೇ ರಾತ್ರಿ ಸಕುರಾಬಾ ಮತ್ತೆ ಬಂದು ತನಗಿಂತ ಎಷ್ಟೋ ಭಾರದ ಇಗೊರ್ ವೊವ್ಚಾಂಚಿನ್ ಜೊತೆ ಇನ್ನೊಂದು ಸುತ್ತು ಆಡಿದ! ರೆಂಜೊ ಜೊತೆಗಿನ ಪಂದ್ಯದಲ್ಲಿ ನಿಂತಲ್ಲೇ ಕೈ ತಿರುಚಿ ಕಿಮುರಾ ಅನ್ನುವ ಕೈ ಬೀಗ ಹಾಕಿದ, ಮೊಣಕೈ ಕಳಚಿತು. 1951ರಲ್ಲಿ ರಿಯೋದ ಮರಕಾನಾದಲ್ಲಿ ಜಪಾನಿನ ಮಸಾಹಿಕೊ ಕಿಮುರಾ, ರಾಯ್ಸ್‌ನ ಅಪ್ಪ ಹೆಲಿಯೋ ಗ್ರೇಸಿಯನ್ನು ಸೋಲಿಸಿದ್ದು ಇದೇ ಪಟ್ಟಿನಲ್ಲಿ. ಆ ಮನೆಯವರಿಗೆ ಈ ಪಟ್ಟು ಅರ್ಧ ಶತಮಾನದಿಂದ ಗೊತ್ತು. ಗೊತ್ತಿದ್ದೂ ಸಿಕ್ಕಿಬಿದ್ದರು. ನನ್ನ ಅಳತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ?

ಇನ್ನು ಖಬೀಬ್. ಶಿರಸಿಯ ಓದುಗರು 29-0 ಅಂತ ಬರೆದು ನಿಲ್ಲಿಸಿದ್ದಾರೆ. ನಾನು ಬೇರೆ ಲೆಕ್ಕ ಹೇಳುತ್ತೇನೆ. 2013ರಲ್ಲಿ ಏಬೆಲ್ ಟ್ರುಹಿಯೋನನ್ನು ಒಂದೇ ಪಂದ್ಯದಲ್ಲಿ 21 ಸಲ ಕೆಡವಿದ. ಇಪ್ಪತ್ತೊಂದು! ಒಬ್ಬ ಮನುಷ್ಯ ಬೀಳುವುದು, ಏಳುವುದು, ಮತ್ತೆ ಬೀಳುವುದು, ಮೂರು ಸುತ್ತೂ ಇದೇ. ಖಬೀಬ್‌ನ ಸೀಮೆ, ರಷ್ಯಾದ ಡಾಗೆಸ್ತಾನದ ಹುಡುಗರು ಕುಸ್ತಿ, ಜೂಡೋ, ಸ್ಯಾಂಬೊ (ರಷ್ಯಾದ ಹಿಡಿತದ ಆಟ) ಎಲ್ಲವನ್ನೂ ಒಟ್ಟಿಗೆ ಕಲಿಯುತ್ತಾರೆ. ಖಬೀಬ್‌ನ ಅಪ್ಪ ಅಬ್ದುಲ್ಮನಾಪ್ ಅವರೇ ಅವನ ಗುರು.

ಖಬೀಬ್ ಕೇಜ್ (ಆಟದ ಕಣದ ಸುತ್ತಲಿನ ಬೇಲಿ) ಪಕ್ಕದಲ್ಲಿ ಏನು ಮಾಡುತ್ತಾನೆ ಅಂತ ಗಮನ ಇಟ್ಟು ನೋಡಿ. ಮೊದಲು ಒಂದು ಕಾಲು ಹಿಡಿದು ಎದುರಾಳಿಯನ್ನು ಬೇಲಿಗೆ ತಳ್ಳುತ್ತಾನೆ. ಅವನು ಬೇಲಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂರುತ್ತಾನೆ, ಇನ್ನೇನು ಏಳಬಹುದು ಅಂದುಕೊಳ್ಳುತ್ತಾನೆ. ಅಷ್ಟರಲ್ಲಿ ಖಬೀಬ್ ತನ್ನ ಕಾಲುಗಳಿಂದ ಅವನ ಎರಡೂ ಕಾಲನ್ನು ಸುತ್ತಿ ಕಟ್ಟಿರುತ್ತಾನೆ. ಏಳಲು ನೆಲಕ್ಕೆ ಊರಿದ ಕೈಯನ್ನು ಬೆನ್ನ ಹಿಂದಿನಿಂದ ಹಿಡಿದು ಎಳೆದುಬಿಡುತ್ತಾನೆ. ಈಗ ಅವನಿಗೆ ಊರಲು ಕೈ ಇಲ್ಲ, ತಳ್ಳಲು ಕಾಲಿಲ್ಲ. ಖಬೀಬ್‌ನ ಇನ್ನೊಂದು ಕೈ ಮಾತ್ರ ಖಾಲಿ ಇರುತ್ತದೆ, ಅದು ಗುದ್ದುತ್ತಲೇ ಇರುತ್ತದೆ. ನೀರು ಕುಡಿದ ಬಲೆ ಮೈಮೇಲೆ ಬಿದ್ದ ಹಾಗೆ, ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಸಿಕ್ಕಿಕೊಳ್ಳುತ್ತದೆ. ಕೂತಿದ್ದರೆ ಪೆಟ್ಟು, ತಿರುಗಿ ಏಳಲು ಹೋದರೆ ಬೆನ್ನು ಕೊಟ್ಟ ಹಾಗೆ, ಬೆನ್ನು ಕೊಟ್ಟರೆ ಕುತ್ತಿಗೆಗೆ ಕೈ. 2018ರ ಅಕ್ಟೋಬರ್ 6ರಂದು ಕಾನರ್ ಮೆಕ್‌ಗ್ರೆಗರ್‌ಗೆ ಆದದ್ದೂ ಹೆಚ್ಚುಕಡಿಮೆ ಇದೇ, ನಾಲ್ಕನೇ ಸುತ್ತಿನಲ್ಲಿ ಕುತ್ತಿಗೆ ತಿರುಚಿದಾಗ ತಟ್ಟಿದ. 2019ರಲ್ಲಿ ಅಬುಧಾಬಿಯಲ್ಲಿ ಡಸ್ಟಿನ್ ಪೊರಿಯೇಗೂ ಹಿಂದಿನಿಂದಲೇ ಚೋಕ್ (ಕುತ್ತಿಗೆ ಒತ್ತುವ ಹಿಡಿತ) ಬಿತ್ತು. ಇವರೆಲ್ಲರೂ ಈ ಒಂದು ವಿಷಯಕ್ಕೇ ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಬಂದವರು.

ಕೊನೆಯ ಪಂದ್ಯ 2020ರ ಅಕ್ಟೋಬರ್ 24ರಂದು. ಅಪ್ಪ ತೀರಿಕೊಂಡು ಕೆಲವೇ ತಿಂಗಳಾಗಿತ್ತು. ಎದುರಿಗೆ ಜಸ್ಟಿನ್ ಗೇಚಿ, ಕಾಲೇಜು ಕುಸ್ತಿಯಲ್ಲಿ ಹೆಸರು ಮಾಡಿ ಬಂದವನು, ಸುಲಭಕ್ಕೆ ಬೀಳುವ ಆಳಲ್ಲ. ಎರಡನೇ ಸುತ್ತಿನಲ್ಲಿ ಖಬೀಬ್ ಅವನ ಎದೆಯ ಮೇಲೆ ಕೂತಿದ್ದ. ಅಲ್ಲಿಂದ ಟ್ರಯಾಂಗಲ್‌ಗೆ (ಕಾಲುಗಳಿಂದ ಕುತ್ತಿಗೆಗೆ ಹಾಕುವ ಬೀಗ) ಹೋಗಿ, ಮೇಲಿನ ಸ್ಥಾನ ಬಿಟ್ಟುಕೊಟ್ಟು ಬೆನ್ನ ಮೇಲೆ ಉರುಳಿ, ಕೆಳಗಿನಿಂದ ಕಾಲಲ್ಲಿ ಕುತ್ತಿಗೆ ಹಿಡಿದ. ಗೇಚಿ ತಟ್ಟಿದ್ದನ್ನು ರೆಫರಿ ತಕ್ಷಣ ನೋಡಲಿಲ್ಲ, ಪ್ರಜ್ಞೆಯೇ ತಪ್ಪಿತು. ಸದಾ ಮೇಲಿರುವ ಕುಸ್ತಿಗಾರ ಅಂತ ಹೆಸರಿದ್ದವನು ಕಡೇ ಪಂದ್ಯ ಗೆದ್ದದ್ದು ರಾಯ್ಸ್ ಸೆವರ್ನ್‌ಗೆ ಹಾಕಿದ ಪಟ್ಟಿನಲ್ಲೇ. ಮೇಲಿನ ಆಟವೂ ಬರಬೇಕು, ಕೆಳಗಿನದ್ದೂ ಬರಬೇಕು. ಇದಕ್ಕೇ ಅವನು ನನಗೆ ಮೊದಲನೆಯವನು.

ಖಬೀಬ್ ಮೇಲೆ ಇರುವ ಆಕ್ಷೇಪವನ್ನೂ ಮುಚ್ಚಿಡಬಾರದು. 2012ರಲ್ಲಿ ಗ್ಲೀಸನ್ ಟಿಬಾವ್‌ನನ್ನು ಒಂದು ಸಲವೂ ಕೆಡವಲು ಆಗಲಿಲ್ಲ. ಜಡ್ಜ್‌ಗಳ ತೀರ್ಪಿನಲ್ಲಿ ಗೆದ್ದ. ಆ ತೀರ್ಪು ಸರಿಯಿಲ್ಲ ಅನ್ನುವವರು ಈಗಲೂ ಇದ್ದಾರೆ. ಬೆಲ್ಟ್ ಉಳಿಸಿಕೊಂಡದ್ದು ಮೂರೇ ಸಲ. ಇನ್ನೂ ನಾಲ್ಕು ವರ್ಷ ಆಡಿದ್ದರೆ ಏನಾಗುತ್ತಿತ್ತೋ. ಹಾಗಾಗಿಯೇ 29-0 ಅನ್ನುವ ಅಂಕಿಯನ್ನು ನೆಚ್ಚಿಕೊಳ್ಳಬೇಡಿ ಅನ್ನುತ್ತೇನೆ. ಅಂಕಿಯ ಮೇಲೆ ನಿಂತರೆ ಟಿಬಾವ್ ಪಂದ್ಯದ ಒಂದು ತೀರ್ಪು ಆಚೀಚೆ ಆಗಿದ್ದರೂ ಇಡೀ ವಾದ ಬಿದ್ದುಹೋಗುತ್ತಿತ್ತು. ಅವನ ಹಿಡಿತದ ಮೇಲೆ ನಿಂತರೆ ಆ ಭಯ ಇಲ್ಲ.

ನಾಲ್ಕನೆಯವನು ಜಾರ್ಜ್ ಸೇಂಟ್ ಪಿಯರ್. ಕೆನಡಾದವನು, ಕಲಿತದ್ದು ಕರಾಟೆ, ಶಾಲೆ ಕಾಲೇಜಿನಲ್ಲಿ ಕುಸ್ತಿ ಆಡಿದವನೇ ಅಲ್ಲ. ಅಂಥವನು ಅಮೆರಿಕದ ಕಾಲೇಜು ಚಾಂಪಿಯನ್ ಜಾಶ್ ಕೋಸ್ಚೆಕ್‌ನನ್ನು ಕೆಡವಿದ, ಮ್ಯಾಟ್ ಹ್ಯೂಸ್‌ನನ್ನು ಆರ್ಮ್‌ಬಾರ್‌ನಲ್ಲಿ ಹಿಡಿದ. ಯುಎಫ್‌ಸಿಯಲ್ಲಿ ಅತಿ ಹೆಚ್ಚು ಟೇಕ್‌ಡೌನ್ ಮಾಡಿದ ದಾಖಲೆ ವರ್ಷಗಟ್ಟಲೆ ಅವನದೇ ಆಗಿತ್ತು, ಈಚೆಗೆ ಜಾರ್ಜಿಯಾದ ಮೆರಾಬ್ ದ್ವಾಲಿಶ್ವಿಲಿ ದಾಟಿದ. ಮೆಡಲ್ ನೋಡಿ ಅಳೆಯುವವರು ಇದಕ್ಕೆ ಏನನ್ನುತ್ತಾರೆ? ಬೆನ್ ಆಸ್ಕ್ರನ್ ಒಲಿಂಪಿಕ್ಸ್ ಆಡಿ ಬಂದವನು, ಯುಎಫ್‌ಸಿಯಲ್ಲಿ 2019ರಲ್ಲಿ ಐದೇ ಸೆಕೆಂಡಿಗೆ ಮೊಣಕಾಲು ತಿಂದು ಮಲಗಿದ. ಹಾಗಂತ ಮೆಡಲ್‌ಗೆ ಬೆಲೆ ಇಲ್ಲ ಅಂತಲ್ಲ. ಹೆನ್ರಿ ಸೆಹುಡೊ 2008ರ ಬೀಜಿಂಗ್‌ನಲ್ಲಿ ಚಿನ್ನ ಗೆದ್ದು ಬಂದು ಯುಎಫ್‌ಸಿಯ ಎರಡು ತೂಕದಲ್ಲಿ ಚಾಂಪಿಯನ್ ಆದ.

ಐದನೇ ಜಾಗಕ್ಕೆ ಬ್ರೆಜಿಲಿನ ಡೆಮಿಯನ್ ಮಾಯಾ. ಅವನ ಬದಲು ಅದೇ ದೇಶದ ಚಾರ್ಲ್ಸ್ ಒಲಿವೇರಾನನ್ನು ಇಡಬೇಕು ಅಂತ ಬಹಳ ಜನ ಜಗಳಕ್ಕೆ ಬರುತ್ತಾರೆ, ಸಬ್ಮಿಷನ್ ಗೆಲುವಿನ ಯುಎಫ್‌ಸಿ ದಾಖಲೆ ಅವನದು, ಸರಿ. ಆದರೆ ಒಲಿವೇರಾಗೆ ಗುದ್ದೂ ಇದೆ, ಮೊಣಕಾಲೂ ಇದೆ. ಮಾಯಾ ಹತ್ತಿರ ಇದ್ದದ್ದು ಒಂದೇ. ಕಾಲು ಹಿಡಿ, ಬೆನ್ನಿಗೆ ಏರು, ಕುತ್ತಿಗೆ ಸುತ್ತು. ಇಡೀ ಜಗತ್ತಿಗೆ ಇದು ಗೊತ್ತಿತ್ತು, ಆದರೂ 2016ರಲ್ಲಿ ಕಾರ್ಲೋಸ್ ಕಾಂಡಿಟ್‌ನಂಥವನನ್ನು ಎರಡು ನಿಮಿಷದ ಒಳಗೆ ಮುಗಿಸಿದ. ಮರುವರ್ಷ ಟೈರನ್ ವುಡ್ಲಿ ಮಾತ್ರ ಒಂದು ಸಲವೂ ಕಾಲು ಕೊಡಲಿಲ್ಲ, ಬೆಲ್ಟ್ ಸಿಗಲಿಲ್ಲ.

ಹೆಣ್ಣುಮಕ್ಕಳನ್ನು ಯಾರೂ ಈ ಪಟ್ಟಿಗೆ ಸೇರಿಸುವುದಿಲ್ಲ, ಅದು ಸರಿಯಲ್ಲ. ರೊಂಡಾ ರೌಸಿ 2008ರ ಒಲಿಂಪಿಕ್ಸ್‌ನಲ್ಲಿ ಜೂಡೋ ಕಂಚು ಗೆದ್ದವಳು. ಅವಳ ಆರ್ಮ್‌ಬಾರ್ ಬರುತ್ತದೆ ಅಂತ ಎದುರಾಳಿಗೂ ಗೊತ್ತು, ಪ್ರೇಕ್ಷಕರಿಗೂ ಗೊತ್ತು. 2015ರ ಫೆಬ್ರವರಿಯಲ್ಲಿ ಕ್ಯಾಟ್ ಜಿಂಗಾನೋಗೆ 14 ಸೆಕೆಂಡು ಸಾಕಾಯಿತು. ಅದೇ ವರ್ಷ ಹಾಲಿ ಹೋಮ್ ಎದುರು ಹಿಡಿಯಲು ಆಗದೆ ಸೋತಳು. ಆದರೂ ಸೋಲುವವರೆಗಿನ ಆ ಮೂರು ವರ್ಷ, ನನ್ನ ಅಳತೆಯಲ್ಲಿ, ಮಾಯಾನಿಗೆ ಸಮ.

ನಮ್ಮ ಗಾಮಾ ಪೈಲ್ವಾನ್ ಇದ್ದಿದ್ದರೆ ಇವರನ್ನೆಲ್ಲ ಎತ್ತಿ ಒಗೆಯುತ್ತಿದ್ದರು ಅನ್ನುವ ಮಾತೂ ನಮ್ಮ ಕಡೆ ಕೇಳಿಬರುತ್ತದೆ. ಗಾಮಾ ಬಗ್ಗೆ ನನಗೆ ಅಪಾರ ಗೌರವ. 1910ರಲ್ಲಿ ಲಂಡನ್‌ನಲ್ಲಿ ಪೋಲೆಂಡಿನ ಝ್ಬಿಸ್ಕೊ ಸೋಲಬಾರದು ಅಂತ ಎರಡೂವರೆ ಗಂಟೆಯ ಹತ್ತಿರ ಹತ್ತಿರ ಮ್ಯಾಟ್ ಮೇಲೆ ಹೊಟ್ಟೆ ಅಡಿಯಾಗಿ ಅಂಟಿಕೊಂಡು ಮಲಗಿದ್ದ. ಭುಜ ತಾಗದಿದ್ದರೆ ಸೋಲಿಲ್ಲವಲ್ಲ. ಗಾಮಾ ಮೇಲಿದ್ದೂ ಏನೂ ಮಾಡಲು ಆಗಲಿಲ್ಲ. 1928ರಲ್ಲಿ ಪಟಿಯಾಲಾದಲ್ಲಿ ಅದೇ ಝ್ಬಿಸ್ಕೊನನ್ನು ಒಂದು ನಿಮಿಷದ ಒಳಗೆ ಚಿತ್ ಮಾಡಿದರು. ಎಂಎಂಎಯಲ್ಲಿ ಹಾಗೆ ಹೊಟ್ಟೆ ಅಡಿಯಾಗಿ ಮಲಗಿದರೆ ಮಾಯಾನಂಥವನು ಅರ್ಧ ನಿಮಿಷವೂ ಬಿಡುವುದಿಲ್ಲ. ಆಟವೇ ಬೇರೆ. 1976ರಲ್ಲಿ ಕರಾಚಿಯಲ್ಲಿ ಗಾಮಾ ಮನೆತನದ ಅಕ್ರಮ್ ಪೈಲ್ವಾನ್, ಜಪಾನಿನ ಆಂಟೋನಿಯೋ ಇನೋಕಿ ಎದುರು ಆಡಿದರು. ಇನೋಕಿ ಕೈ ಹಿಡಿದು ತಿರುಚಿದ, ಅಕ್ರಮ್ ಸೋಲೊಪ್ಪಲಿಲ್ಲ, ಕೈ ಹೋಯಿತು. ಧೈರ್ಯ ಕಡಿಮೆ ಇತ್ತು ಅಂತ ಯಾರೂ ಹೇಳಲಾರರು. ಕೈ ತಿರುಚುವ ಪಟ್ಟಿಗೆ ಉತ್ತರ ಕಲಿತಿರಲಿಲ್ಲ, ಅಷ್ಟೇ. ನಮ್ಮ ಕಾಲದಲ್ಲೂ ಹರಿಯಾಣದ ರಿತು ಫೋಗಟ್ ಕುಸ್ತಿ ಬಿಟ್ಟು ಎಂಎಂಎಗೆ ಬಂದು, 2021ರಲ್ಲಿ ಒನ್ ಚಾಂಪಿಯನ್‌ಶಿಪ್‌ನ ಗ್ರ್ಯಾಂಡ್ ಪ್ರಿ ಫೈನಲ್‌ವರೆಗೆ ಹೋದಳು. ಅಲ್ಲಿ ಥಾಯ್ಲೆಂಡಿನ ಸ್ಟ್ಯಾಂಪ್ ಎದುರು ಸೋತದ್ದು ಆರ್ಮ್‌ಬಾರ್‌ನಲ್ಲಿ. ಸ್ಟ್ಯಾಂಪ್ ಮುವಾಯ್ ಥಾಯ್ ಹುಡುಗಿ, ಹೊಡೆತದವಳು! ಕುಸ್ತಿಯವಳನ್ನು ನೆಲದ ಮೇಲೆ ಹಿಡಿದು ಗೆದ್ದಳು.

ಹಾಗಾಗಿ ಹಳಿಯಾಳದಲ್ಲಿ ಕುಸ್ತಿ ಕಲಿಸುವವರಿಗೂ ಒಂದು ವಿನಂತಿ. ನಮ್ಮ ಮಕ್ಕಳ ಕಾಲು ಹಿಡಿಯುವ ವೇಗ, ಕುತ್ತಿಗೆಯ ಗಟ್ಟಿ, ದಮ್ಮು ಯಾರಿಗೂ ಕಡಿಮೆ ಇಲ್ಲ. ಎಂಎಂಎಗೆ ಹೋಗುವ ಆಸೆ ಇರುವ ಹುಡುಗ ಹುಡುಗಿಯರಿಗೆ ಕುಸ್ತಿಯ ಜೊತೆ ಕೈ ಬೀಗ, ಕುತ್ತಿಗೆ ಬೀಗದಿಂದ ಬಿಡಿಸಿಕೊಳ್ಳುವುದನ್ನೂ ಬೆನ್ನ ಮೇಲಿದ್ದು ಆಡುವುದನ್ನೂ ಚಿಕ್ಕಂದಿನಲ್ಲೇ ಕಲಿಸಿ. ಇಪ್ಪತ್ತೈದು ದಾಟಿದ ಮೇಲೆ ಕಲಿಯಲು ಹೋದರೆ ಬೆನ್ನು ತಾಗಿದ ಕೂಡಲೇ ಮೈ ಹೆದರುತ್ತದೆ, ಆ ಹೆದರಿಕೆ ಬಿಡಿಸುವುದಕ್ಕೇ ಅರ್ಧ ಆಯಸ್ಸು ಬೇಕು.

ಸಂಪಾದಕರೇ, ನಿಮ್ಮಲ್ಲೂ ಒಂದು ಕೇಳಿಕೆ. ಎಂಎಂಎ ಸುದ್ದಿ ಬಂದಾಗ 'ಸಬ್ಮಿಷನ್ ಮೂಲಕ ಗೆಲುವು' ಅಂತ ಒಂದು ಸಾಲು ಇರುತ್ತದೆ. ಹಳಿಯಾಳದ ಕುಸ್ತಿ ಸುದ್ದಿಯಲ್ಲಿ ಯಾರು ಉದ್ಘಾಟಿಸಿದರು, ಯಾರು ಬೆಳ್ಳಿ ಗದೆ ಕೊಟ್ಟರು ಅಂತ ಹೆಸರುಗಳ ಸಾಲೇ ಇರುತ್ತದೆ. ಪೈಲ್ವಾನ ಯಾವ ಡಾವ್ (ಪಟ್ಟು) ಹಾಕಿದ, ಎಷ್ಟನೇ ನಿಮಿಷದಲ್ಲಿ, ಎದುರಿನವನು ಹೇಗೆ ತಪ್ಪಿಸಿಕೊಳ್ಳಲು ನೋಡಿದ ಅನ್ನುವುದು ಇರುವುದೇ ಇಲ್ಲ. ಧೋಬಿ ಪಛಾಡ್, ಕಲಾಜಂಗ್, ಢಾಕ್, ಹೆಸರಿಗೇನು ಕಡಿಮೆಯಾ? ಮುಂದಿನ ಸಲ ನಿಮ್ಮ ವರದಿಗಾರರು ಹಳಿಯಾಳಕ್ಕೆ ಹೋದಾಗ ವೇದಿಕೆ ಬಿಟ್ಟು ಅಖಾಡದ ಪಕ್ಕ ಕೂತು ಅದನ್ನು ಬರೆದುಕೊಂಡು ಬರಲಿ. ಶಿರಸಿಯ ಓದುಗರು ಈ ಪತ್ರಕ್ಕೆ ಉತ್ತರ ಬರೆದರೆ ಅದನ್ನೂ ದಯವಿಟ್ಟು ಹಾಕಿ, ಸಕುರಾಬಾನನ್ನು ಅವರು ಎಲ್ಲಿ ಇಡುತ್ತಾರೆ ಅಂತ ನನಗೆ ಗೊತ್ತಾಗಬೇಕು.

ಇಂತಿ,
ನಿಮ್ಮ ಓದುಗ, ಕೋಡಿಬಾಗ, ಕಾರವಾರ